ಕೈಗೆ ಸಿಕ್ಕ ಮೇಲೆ ಬಾಯಿಗೆ ಬಂದ ಲೆಕ್ಕ: ಮಾರಿಯಾ ಮಾಂಟೆಸ್ಸರಿ

ನಮ್ಮ ಅಕ್ಕಲಕೋಟ ಕಡೆ ಕಣದಾಗ ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಅನ್ನೋದಿಲ್ಲ, ಲಾಭ ಅಂತೀವಿ. ಆಮೇಲೆ ಎರಡು, ಮೂರು. ನನ್ನ ಮೊಮ್ಮಗಳು ಶಾಲೆಯ ಮೆಟ್ಟಿಲು ತುಳಿಯುವ ಮೊದಲೇ ಹೀಗೆ ಎಣಿಸುತ್ತಿದ್ದಳು. ಅಂಗಡಿಯಲ್ಲಿ ನನ್ನ ಪಕ್ಕ ಕೂತು ಚಿಲ್ಲರೆ ನಾಣ್ಯ ಬೇರೆ ಬೇರೆ ಮಾಡಿ ಗುಡ್ಡೆ ಹಾಕುತ್ತಿದ್ದಳು.

ಒಂದನೇ ಇಯತ್ತೆಗೆ ಮರಾಠಿ ಶಾಲೆಗೆ ಹಾಕಿದೆವು. ದೀಪಾವಳಿ ಸೂಟಿ ಬರೋದರೊಳಗೆ ಹುಡುಗಿ ಲೆಕ್ಕದಲ್ಲಿ ಮಂದ ಎಂಬ ಮಾತು ಮನೆಗೆ ಬಂತು. ಪಾಟಿ ನೋಡಿದೆ. ಏಕವೀಸ ಎಂದರೆ ಅವಳು 12 ಬರೆದಿದ್ದಳು. ನಮ್ಮ ಇಪ್ಪತ್ತೊಂದರಲ್ಲಿ ಇಪ್ಪತ್ತು ಮೊದಲು, ಒಂದು ಆಮೇಲೆ. ಮರಾಠಿಯಲ್ಲಿ ಒಂದು ಮೊದಲು, ವೀಸ ಆಮೇಲೆ. ಕೂಸು ಕಿವಿಗೆ ಬಿದ್ದ ಕ್ರಮದಲ್ಲೇ ಬರೆದಿತ್ತು. ಇದು ನಮ್ಮ ಮಕ್ಕಳ ಕಷ್ಟ ಮಾತ್ರ ಅಲ್ಲ. 2019ರಲ್ಲಿ ಮಹಾರಾಷ್ಟ್ರದ ಬಾಲಭಾರತಿಯವರು ಎರಡನೇ ಇಯತ್ತೆಯ ಗಣಿತ ಪುಸ್ತಕದಲ್ಲಿ ವೀಸ ಏಕ ಎಂದು ಓದುವ ರೀತಿ ತಂದಾಗ ರಾಜ್ಯದ ತುಂಬ ವಾದವೇ ನಡೆಯಿತು.

ಆ ದಿನಗಳಲ್ಲಿ ನನಗೆ ನೆನಪಾದವರು ಮಾರಿಯಾ ಮಾಂಟೆಸ್ಸರಿ. ಈ ಹೆಸರಿನ ಬೋರ್ಡು ಈಗ ಊರೂರಲ್ಲೂ ತೂಗುತ್ತದೆ. ಅದು ಒಬ್ಬ ಹೆಣ್ಣುಮಗಳ ಹೆಸರು, ಆಕೆ ಕೂಲಿಕಾರರ ಮಕ್ಕಳಿಂದ ಕೆಲಸ ಸುರು ಮಾಡಿದಾಕೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಮಾರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕ್ಯಾರವಾಲೆ ಎಂಬ ಸಣ್ಣ ಊರಲ್ಲಿ. ತಂದೆ ಸರ್ಕಾರಿ ನೌಕರ. ಹುಡುಗಿಗೆ ಗಣಿತದ ಮೇಲೆ ಬಲು ಪ್ರೀತಿ. ಗಂಡುಮಕ್ಕಳೇ ತುಂಬಿದ್ದ ತಾಂತ್ರಿಕ ಶಾಲೆಗೆ ಸೇರಿ ಎಂಜಿನಿಯರ್ ಆಗಬೇಕೆಂದಿದ್ದಳು. ಮುಂದೆ ಮನಸ್ಸು ವೈದ್ಯಕೀಯದ ಕಡೆ ತಿರುಗಿತು. 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ಡಾಕ್ಟರ್ ಆಗಿ ಹೊರಬಂದರು. ಆ ಕಾಲದಲ್ಲಿ ಅಲ್ಲಿ ಹೆಣ್ಣು ಡಾಕ್ಟರ್ ಎಂದರೆ ಬೆರಳೆಣಿಕೆಯಷ್ಟು.

ಬುದ್ಧಿ ಬೆಳೆದಿಲ್ಲವೆಂದು ಹುಚ್ಚಾಸ್ಪತ್ರೆಯಲ್ಲಿ ಕೂಡಿಹಾಕಿದ್ದ ಮಕ್ಕಳನ್ನು ಅವರು ಅಲ್ಲಿ ಕಂಡರು. ಮುಟ್ಟಲು, ಹಿಡಿಯಲು, ತಿರುಗಿಸಿ ನೋಡಲು ಆ ಮಕ್ಕಳಿಗೆ ಒಂದು ವಸ್ತುವೂ ಇರಲಿಲ್ಲ. ಇಟಾರ್, ಸೆಗ್ವೆಂ ಎಂಬ ಫ್ರೆಂಚ್ ವೈದ್ಯರ ಪುಸ್ತಕ ಓದಿ, ಕೈಗೆ ಕೆಲಸ ಕೊಡುವ ಸಾಮಾನು ಮಾಡಿಸಿದರು. ಅವುಗಳಿಂದ ಕಲಿತ ಕೆಲವು ಮಕ್ಕಳು ಸಾಮಾನ್ಯ ಶಾಲೆಯ ಮಕ್ಕಳ ಜೊತೆ ಕೂತು ಪರೀಕ್ಷೆ ಪಾಸಾದರು. ಊರೆಲ್ಲ ಹೊಗಳಿತು. ಮಾರಿಯಾ ಅವರಿಗೆ ಮಾತ್ರ ಬೇರೆಯೇ ಚಿಂತೆ ಹತ್ತಿತು: ಗಟ್ಟಿಮುಟ್ಟಾದ ಮಕ್ಕಳು ಇವರಷ್ಟೇ ಕಲಿಯುತ್ತಾರೆಂದರೆ, ಅವರ ಶಾಲೆಯಲ್ಲೇ ಏನೋ ಕೊರತೆ ಇರಬೇಕು.

ಸ್ವಂತ ಬದುಕಿನಲ್ಲಿ ಅವರಿಗೊಂದು ನೋವಿತ್ತು. 1898ರಲ್ಲಿ ಮದುವೆಯಿಲ್ಲದೆ ಮಗ ಮಾರಿಯೊ ಹುಟ್ಟಿದ. ಸಮಾಜಕ್ಕೆ ಅಂಜಿ ಮಗುವನ್ನು ಹಳ್ಳಿಯಲ್ಲಿ ಬೇರೆಯವರ ಹತ್ತಿರ ಬೆಳೆಸಬೇಕಾಯಿತು. ಅವನು ಹದಿನೈದರ ಆಸುಪಾಸಿಗೆ ಬಂದ ಮೇಲಷ್ಟೇ ತಾಯಿಯ ಜೊತೆ ಇರಲು ಬಂದ.

1907ರ ಜನವರಿ 6ರಂದು ರೋಮ್‌ನ ಸಾನ್ ಲೊರೆಂಜೊ ಎಂಬ ಬಡವರ ಓಣಿಯಲ್ಲಿ ಮಕ್ಕಳ ಮನೆ ಸುರುವಾಯಿತು. ತಂದೆತಾಯಿ ಕೂಲಿಗೆ ಹೋದಾಗ ಮಕ್ಕಳು ಗೋಡೆ, ಮೆಟ್ಟಿಲು ಕೆಡಿಸಬಾರದು ಎಂಬುದಷ್ಟೇ ಕಟ್ಟಡದವರ ಆಸೆ. ಐವತ್ತರ ಮೇಲೆ ಮಕ್ಕಳು, ಎಲ್ಲರೂ ಆರೇಳು ವರ್ಷದೊಳಗಿನವರು.

ಅಲ್ಲಿ ಲೆಕ್ಕ ಹೇಗೆ ಬಂತು ಎಂಬುದನ್ನು ನಮ್ಮಂಥ ವ್ಯಾಪಾರಸ್ಥರು ತಿಳಿಯಬೇಕು. ಮೊದಲು ನಾಣ್ಯ ಕೊಟ್ಟು ಚಿಲ್ಲರೆ ಮಾಡಿಸಿದರು. ಆಮೇಲೆ ಹತ್ತು ಕೋಲು. ಚಿಕ್ಕದು 10 ಸೆಂಟಿಮೀಟರ್, ದೊಡ್ಡದು ಒಂದು ಮೀಟರ್, ಕೆಂಪು ನೀಲಿ ಪಟ್ಟೆ ಬಳಿದವು. ಐದು ಅಂದರೆ ಬರೀ ಮಾತಲ್ಲ, ಅದು ನಾಲ್ಕಕ್ಕಿಂತ ಉದ್ದ ಎಂದು ತೋಳಿಗೇ ಗೊತ್ತಾಗುತ್ತಿತ್ತು. ಬಡಗಿಗಳು ಕಟ್ಟಿಗೆ ತಿಕ್ಕುವ ಒರಟು ಕಾಗದದಲ್ಲಿ ಅಂಕಿ ಕತ್ತರಿಸಿ, ಅದರ ಮೇಲೆ ಬೆರಳಾಡಿಸಲು ಕೊಟ್ಟರು. ಕದಿರಿನಂಥ 45 ಕಡ್ಡಿಗಳನ್ನು 1ರಿಂದ 9ರವರೆಗಿನ ಗೂಡುಗಳಿಗೆ ಹಂಚಿದರೆ ಸೊನ್ನೆಯ ಗೂಡು ಖಾಲಿ. ಸೊನ್ನೆ ಸಲ ನನ್ನ ಹತ್ತಿರ ಬಾ ಎಂದು ಕರೆದಾಗ ಮಗು ಓಡಿ ಬರುತ್ತಿತ್ತಂತೆ. ಬಂದದ್ದು ಒಂದು ಸಲ ಆಯಿತಲ್ಲ ಎಂದು ತಿಳಿಸಿದ ಮೇಲೆ, ಕದಲದೆ ನಿಲ್ಲುವುದೇ ಸೊನ್ನೆ ಎಂದು ತಿಳಿದು ನಗುತ್ತಿತ್ತಂತೆ.

ಮುಂದೆ ಬಂಗಾರ ಬಣ್ಣದ ಮಣಿಗಳು ಬಂದವು. ಬಿಡಿ ಮಣಿ ಒಂದು, ತಂತಿಗೆ ಪೋಣಿಸಿದ್ದು ಹತ್ತು, ಅಂಥ ಹತ್ತು ಸೇರಿದ ಚೌಕ ನೂರು, ಹತ್ತು ಚೌಕದ ಗಟ್ಟಿ ಸಾವಿರ. ವಸ್ತು ಮೊದಲು, ಹೆಸರು ಆಮೇಲೆ, ಬರಹ ಕಡೆಗೆ. ಇಡೀ ವಿದ್ಯೆಯ ಗುಟ್ಟು ಇಷ್ಟೇ.

ಮುಸೊಲಿನಿ ಮೊದಮೊದಲು ಅವರ ಶಾಲೆಗಳಿಗೆ ನೆರವಾದ, ಮನಸ್ತಾಪ ಬಂದ ಮೇಲೆ ಮುಚ್ಚಿಸಿದ. 1934ರಲ್ಲಿ ಅವರು ದೇಶ ಬಿಟ್ಟರು. ಅದೇ ವರ್ಷ ಬಾರ್ಸಿಲೋನಾದಲ್ಲಿ ಅವರ ಅಂಕಗಣಿತದ ಪುಸ್ತಕ ಹೊರಬಂತು. ಅಲ್ಲಿಯೂ ಯುದ್ಧ ಹತ್ತಿದಾಗ ಹಾಲೆಂಡಿಗೆ ಹೋದರು. 1939ರಲ್ಲಿ, 69ನೇ ವಯಸ್ಸಿಗೆ, ಥಿಯಾಸಾಫಿಕಲ್ ಸೊಸೈಟಿಯ ಕರೆಯ ಮೇಲೆ ಮದ್ರಾಸಿನ ಅಡ್ಯಾರಿಗೆ ಬಂದಿಳಿದರು. 1940ರಲ್ಲಿ ಇಟಲಿ ಯುದ್ಧಕ್ಕೆ ಇಳಿದದ್ದೇ ಬ್ರಿಟಿಷರು ಮಾರಿಯೊನನ್ನು ನಮ್ಮ ಸೋಲಾಪುರಕ್ಕೆ ಹತ್ತಿದ ಅಹಮದ್‌ನಗರದಲ್ಲಿ, ಈಗಿನ ಅಹಿಲ್ಯಾನಗರದಲ್ಲಿ, ಸೆರೆಯಿಟ್ಟರು. ತಾಯಿಗೆ ಅಡ್ಯಾರ್ ಬಿಟ್ಟು ಹೋಗದಂತೆ ಕಟ್ಟು. ಅವರ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಮಗನನ್ನು ಬಿಟ್ಟರು. ಆಕೆ ಇಟಾಲಿಯನ್ನಿನಲ್ಲಿ ಪಾಠ ಹೇಳಿದರೆ ಮಗ ಇಂಗ್ಲಿಷಿಗೆ ತಿರುಗಿಸುತ್ತಿದ್ದ. ಅಡ್ಯಾರ್, ಕೊಡೈಕನಾಲ್‌ಗಳಲ್ಲಿ ನಮ್ಮ ದೇಶದ ಅದೆಷ್ಟೋ ಶಿಕ್ಷಕರು ತಯಾರಾದರು. 1952ರ ಮೇ 6ರಂದು ಹಾಲೆಂಡಿನಲ್ಲಿ ಅವರು ತೀರಿಕೊಂಡರು.

ಅವರ ಸಾಮಾನಿಗೆ ಭಾಳ ದುಡ್ಡು ಬೇಕು ಅನ್ನುವವರಿದ್ದಾರೆ. ಅದೇ ವಿಚಾರವನ್ನು ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ, ಮುಂದೆ ಬೋರ್ಡಿ ಮತ್ತು ಕೋಸಬಾಡದಲ್ಲಿ ತಾರಾಬಾಯಿ ಮೋಡಕ್ ನಮ್ಮ ಮಣ್ಣಿಗೆ ಒಗ್ಗಿಸಿದರು. ತಾರಾಬಾಯಿಯವರ ಬಾಲವಾಡಿಯಲ್ಲಿ ಊರಲ್ಲೇ ಸಿಗುವ ಅಗ್ಗದ ವಸ್ತುಗಳೇ ಪಾಠದ ಸಾಮಾನು.

ನಾನೂ ಜ್ವಾಳದ ದಂಟು ಸಣ್ಣಗೆ ಮುರಿದು ಹತ್ತತ್ತರ ಕಟ್ಟು ಮಾಡಿ ಮೊಮ್ಮಗಳ ಮುಂದೆ ಇಟ್ಟೆ. ಎರಡು ಕಟ್ಟು, ಒಂದು ಬಿಡಿ. ಮನೆಯಲ್ಲಿ ಇಪ್ಪತ್ತೊಂದು ಅನ್ನು, ಶಾಲೆಯಲ್ಲಿ ಏಕವೀಸ ಅನ್ನು, ದಂಟು ಅಷ್ಟೇ ಅಂತ ಹೇಳಿದೆ. ವಾರಗಟ್ಟಲೆ ಆಡಿದಳು. ಈಗಲೂ ಒಮ್ಮೊಮ್ಮೆ ಬರೆಯುವ ಮೊದಲು ತಡೆದು, ಕಟ್ಟು ಎಷ್ಟು ಅಂತ ಬೆರಳು ಮಡಚುತ್ತಾಳೆ. ಆಮೇಲೆ ಸರಿಯಾಗಿ ಬರೆಯುತ್ತಾಳೆ.

ಗಡಿನಾಡಿನ ನಮ್ಮ ಕೂಸುಗಳು ಎರಡು ಭಾಷೆಯ ಲೆಕ್ಕ ಹೊತ್ತು ಶಾಲೆಗೆ ಹೋಗ್ತಾವ. ಮಂದ ಅನ್ನುವ ಮೊದಲು ಅವುಗಳ ಕೈಗೆ ಹತ್ತು ಕಾಳು ಕೊಟ್ಟು ನೋಡ್ರಿ.