ವಾಲೇಸನೂ ಹಾರುವ ಕಪ್ಪೆಯೂ

ಕಾಲೇಜಿನ ಮೆಟ್ಟಿಲು ತುಳಿಯದೆ, ದುಡಿದು ಹೊಟ್ಟೆ ಹೊರೆಯುತ್ತಲೇ ಜಗದ್ವಿಖ್ಯಾತ ವಿಜ್ಞಾನಿಗಳ ಪಂಕ್ತಿಯಲ್ಲಿ ಸ್ಥಾನ ಪಡೆದವರಲ್ಲಿ ಆಲ್‌ಫ್ರೆಡ್ ರಸೆಲ್ ವಾಲೇಸನು ಗಣ್ಯನು. 1823ನೆಯ ಇಸವಿ ಜನವರಿ 8ರಂದು ವೇಲ್ಸ್ ಪ್ರಾಂತದ ಅಸ್ಕ್ ಪಟ್ಟಣದ ಬಳಿ ಆತನು ಜನಿಸಿದನು. ಮನೆಯ ಬಡತನದ ದೆಸೆಯಿಂದ 14ನೆಯ ವಯಸ್ಸಿನಲ್ಲಿಯೇ ಓದು ನಿಂತಿತು. ಬಡಗಿಯ ಕೆಲಸ ಕಲಿಯುತ್ತಿದ್ದ ಅಣ್ಣನೊಡನೆ ಕೆಲಕಾಲ ಲಂಡನ್ನಿನಲ್ಲಿದ್ದು, ಸಂಜೆಯ ಹೊತ್ತು ಕಾರ್ಮಿಕರಿಗಾಗಿ ನಡೆಯುತ್ತಿದ್ದ ಉಪನ್ಯಾಸಗಳನ್ನು ಕೇಳಿದನು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ಮುಂಬಯಿಯ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ನಮ್ಮವರ ಕಥೆಗಳನ್ನು ಬಲ್ಲ ನಮಗೆ ಈ ಸಂಗತಿಯು ಅಪರಿಚಿತವೆನಿಸದು.

ಬಳಿಕ ಇನ್ನೊಬ್ಬ ಅಣ್ಣನ ಕೈಕೆಳಗೆ ಭೂಮಾಪನದ ಕೆಲಸ ಮಾಡುತ್ತ ಊರೂರು ಅಲೆಯುವಾಗ ಗಿಡಮರಗಳ ಪರಿಚಯ ಮಾಡಿಕೊಂಡನು. 1848ರಲ್ಲಿ ಗೆಳೆಯನಾದ ಬೇಟ್ಸನೊಡನೆ ಅಮೆಜಾನ್ ನದಿಯ ಕಾಡುಗಳಿಗೆ ಹೋಗಿ, ಕೀಟ ಪಕ್ಷಿಗಳನ್ನು ಸಂಗ್ರಹಿಸಿ ಮಾರಿ ಜೀವನ ಸಾಗಿಸಿದನು. 1852ರಲ್ಲಿ ಹಿಂತಿರುಗುವಾಗ ನಡುಗಡಲಿನಲ್ಲಿ ಹಡಗಿಗೆ ಬೆಂಕಿ ಹತ್ತಿತು. ಜೊತೆಯಲ್ಲಿ ತರುತ್ತಿದ್ದ ಸಂಗ್ರಹವೆಲ್ಲ ಬೂದಿಯಾಯಿತು. ಹತ್ತು ದಿನ ತೆರೆದ ದೋಣಿಯಲ್ಲಿ ತೇಲಿ ಆತನು ಜೀವ ಉಳಿಸಿಕೊಂಡನು. ಬೇರೊಬ್ಬನಾಗಿದ್ದರೆ ಅಲ್ಲಿಗೇ ಕೈಚೆಲ್ಲುತ್ತಿದ್ದನು. ವಾಲೇಸನಾದರೋ 1854ರಲ್ಲಿ ಮರಳಿ ಹಡಗು ಹತ್ತಿ ಮಲಯ ದ್ವೀಪಸ್ತೋಮಕ್ಕೆ ಬಂದನು.

1855ರಲ್ಲಿ ಬೋರ್ನಿಯೋ ದ್ವೀಪದ ಸಾರವಾಕ್ ಸೀಮೆಯ ಸಿಮುಂಜಾನ್ ಎಂಬಲ್ಲಿ ಆತನು ತಿಂಗಳುಗಟ್ಟಲೆ ಬೀಡುಬಿಟ್ಟಿದ್ದನು. ಅಲ್ಲಿ ಕಲ್ಲಿದ್ದಲ ಗಣಿಗಾಗಿ ಚೀನೀ ಮತ್ತು ದಯಾಕ್ ಕೂಲಿಗಳು ದಟ್ಟವಾದ ಕಾಡನ್ನು ಕಡಿಯುತ್ತಿದ್ದರು. ಹಿಡಿದು ತಂದ ಹುಳವೊಂದಕ್ಕೆ ಒಂದು ಸೆಂಟಿನಂತೆ ವಾಲೇಸನು ಅವರಿಗೆ ಹಣ ಕೊಡುತ್ತಿದ್ದನು. ಒಂದು ದಿನ ಚೀನೀ ಕೂಲಿಯೊಬ್ಬನು ದೊಡ್ಡದೊಂದು ಮರಗಪ್ಪೆಯನ್ನು ತಂದು, ಅದು ಎತ್ತರದ ಮರದಿಂದ ಹಾರುವಂತೆ ಓರೆಯಾಗಿ ಇಳಿದುಬಂದುದನ್ನು ತಾನು ಕಣ್ಣಾರೆ ಕಂಡೆನೆಂದು ಹೇಳಿದನು. ಕಪ್ಪೆ ಹಾರುವುದುಂಟೇ ಎಂದು ನಕ್ಕುಬಿಡುವುದು ಸುಲಭವಾಗಿತ್ತು. ವಾಲೇಸನು ನಗಲಿಲ್ಲ, ಅಳೆದು ನೋಡಿದನು. ಮೈಯ ಉದ್ದ ಸುಮಾರು 4 ಅಂಗುಲ. ಬೆರಳುಗಳನ್ನು ಬಿಡಿಸಿದಾಗ ನಾಲ್ಕು ಪಾದಗಳ ಒಟ್ಟು ವಿಸ್ತಾರ ಸುಮಾರು 12 ಚದರ ಅಂಗುಲ. ಬೆನ್ನು ಹೊಳೆಯುವ ಹಸಿರು, ಹೊಟ್ಟೆ ಹಳದಿ, ಬೆರಳುಗಳ ನಡುವಣ ಪೊರೆ ಕಪ್ಪು. ಕೂಲಿಯ ಮಾತು ನಂಬತಕ್ಕುದೇ ಎಂದು ಆತನಿಗೆ ಮನವರಿಕೆಯಾಯಿತು.

ಈ ಕಪ್ಪೆಯು ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ. ನೆಗೆದೊಡನೆ ಬೆರಳುಗಳನ್ನು ಅಗಲಿಸುತ್ತದೆ. ಪೊರೆಗಳು ಕೊಡೆಯಂತೆ ಬಿಚ್ಚಿಕೊಂಡು ಗಾಳಿಯನ್ನು ತಡೆಯುತ್ತವೆ. ಹೀಗೆ ನೆಟ್ಟಗೆ ಬೀಳದೆ ತೇಲುತ್ತ ಇಳಿಯುತ್ತದೆ. ಬೆರಳ ತುದಿಯ ಬಿಲ್ಲೆಗಳು ಎಲೆಗೂ ತೊಗಟೆಗೂ ಅಂಟಿಕೊಳ್ಳುತ್ತವೆ. ಬಾಳಿನ ಬಹುಭಾಗವನ್ನು ಮಳೆಕಾಡಿನ ಎತ್ತರದ ಮರಗಳ ಮೇಲೆಯೇ ಕಳೆದು, ಸಂತಾನೋತ್ಪತ್ತಿಗಾಗಿ ಕೆಳಗಿಳಿಯುತ್ತದೆ. ನೀರಿನ ಹೊಂಡಗಳ ಮೇಲೆ ಬಾಗಿದ ಎಲೆಕೊಂಬೆಗಳಲ್ಲಿ ನೊರೆಯ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ನೊರೆಯೊಳಗೆ ಮೊಟ್ಟೆಗಳು ಒಣಗುವುದಿಲ್ಲ. ಮರಿಗಳು ಗೊದಮೊಟ್ಟೆಗಳಾಗಿ ಕೆಳಗಣ ನೀರಿಗೆ ಉದುರುತ್ತವೆ. ಮೇಲೆ ಮರವೂ ಕೆಳಗೆ ಹೊಂಡವೂ ಎರಡೂ ಇದ್ದಲ್ಲಿ ಮಾತ್ರ ಇದರ ಬಾಳು.

ಇದರ ದಾಯಾದಿಯೊಂದು ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಇದೆ. ಜೆರ್ಡನ್ ಎಂಬ ವಿದ್ವಾಂಸನು 1870ರಲ್ಲಿ ಅದನ್ನು ವರ್ಣಿಸಿದನು. ಮಲೆನಾಡು, ಕೊಡಗುಗಳಿಂದ ಬಂದ ವಾಚಕರು ಮಳೆಗಾಲದಲ್ಲಿ ನೀರಿನ ಮೇಲಣ ಎಲೆಗಳಲ್ಲಿ ಬಿಳಿಯ ನೊರೆಯುಂಡೆಗಳನ್ನು ಕಂಡಿರಬಹುದು.

ವಾಲೇಸನು ಎಂಟು ವರ್ಷ ಆ ದ್ವೀಪಗಳಲ್ಲಿ ಸಂಚರಿಸಿ 1,25,000ಕ್ಕೂ ಮೀರಿದ ಜೀವಿಗಳನ್ನು ಸಂಗ್ರಹಿಸಿದನು. ಜೀವವಿಕಾಸದ ತತ್ತ್ವವನ್ನು ಡಾರ್ವಿನ್ನನಂತೆಯೇ ಸ್ವತಂತ್ರವಾಗಿ ಕಂಡುಕೊಂಡನು. 1858ರ ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಇಬ್ಬರ ಲೇಖನಗಳನ್ನೂ ಒಟ್ಟಿಗೆ ಓದಲಾಯಿತು. ಈಜಲೂ ಏರಲೂ ಒದಗಿದ ಕಪ್ಪೆಯ ಪಾದವೇ ಕ್ರಮೇಣ ತೇಲಲೂ ಒದಗಿದುದನ್ನು ಆ ತತ್ತ್ವಕ್ಕೆ ಒಂದು ನಿದರ್ಶನವಾಗಿ ತೋರಿಸಿದನು. ಇಷ್ಟಾದರೂ ಆತನಿಗೆ ಕಾಯಂ ನೌಕರಿಯೊಂದು ದೊರೆಯಲಿಲ್ಲ. ಡಾರ್ವಿನ್ನನ ಪ್ರಯತ್ನದಿಂದ 1881ರಲ್ಲಿ ವರ್ಷಕ್ಕೆ 200 ಪೌಂಡುಗಳ ಸರ್ಕಾರಿ ವಿಶ್ರಾಂತಿವೇತನ ಮಂಜೂರಾಯಿತು. 1913ರ ನವೆಂಬರ್ 7ರಂದು, 90ನೆಯ ವಯಸ್ಸಿನಲ್ಲಿ ಆತನು ಕಾಲವಾದನು.

1895ರಲ್ಲಿ ಬೂಲೆಂಜರ್ ಎಂಬ ಪಂಡಿತನು ಆ ಕಪ್ಪೆಗೆ ಶಾಸ್ತ್ರೀಯ ನಾಮಕರಣ ಮಾಡಿದನು. ಲೋಕವು ಅದನ್ನು ವಾಲೇಸನ ಹಾರುವ ಕಪ್ಪೆಯೆಂದೇ ಕರೆಯುತ್ತದೆ. 1869ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ವಾಲೇಸನು ಕಪ್ಪೆಯ ಚಿತ್ರವನ್ನು ಕೊಟ್ಟು, ಅದು ಹಾರಿದುದನ್ನು ಕಂಡವನು ತಾನಲ್ಲ, ಕೂಲಿಯವನು ಎಂಬುದನ್ನು ಮರೆಮಾಚದೆ ತಿಳಿಸಿದನು. ತನ್ನ ಬಳಿ ದುಡಿದ ಅಲಿ ಎಂಬ ಮಲಯ ತರುಣನ ಹೆಸರು ಆ ಗ್ರಂಥದಲ್ಲಿ ಉಳಿದಿದೆ. ಕಪ್ಪೆ ತಂದುಕೊಟ್ಟ ಚೀನೀ ಕೂಲಿಯ ಹೆಸರು ಮಾತ್ರ ಅದರಲ್ಲಿಲ್ಲ. ಕಾಡು ಕಡಿಯುವ ದುಡಿಮೆಯ ನಡುವೆಯೂ ತಲೆಯೆತ್ತಿ ಮರದ ತುದಿಯನ್ನು ನೋಡಿದ ಆ ಅನಾಮಧೇಯನಿಗೂ ಈ ಕೀರ್ತಿಯಲ್ಲಿ ಪಾಲುಂಟೆಂದು ನಾವು ಭಾವಿಸುತ್ತೇವೆ.