ಶಿವರಾಮ ಕಾರಂತ: ಮೂರು ತಲೆಮಾರಿನ ಕಥನ ಮತ್ತು ಜೀತದ ಪ್ರಶ್ನೆ

ಕೋಟ ಶಿವರಾಮ ಕಾರಂತರು ಜನಿಸಿದ್ದು 1902ರ ಅಕ್ಟೋಬರ್ 10ರಂದು, ಅಂದಿನ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕೋಟದಲ್ಲಿ. ಒಂದೇ ಆಗಿದ್ದ ಕೆನರಾವನ್ನು ಒಡೆದ ವಸಾಹತು ಆಡಳಿತವು ಕಾರವಾರ, ಹಾರವಾಡ, ಅಂಕೋಲೆಗಳ ಉತ್ತರದ ಕರಾವಳಿಯನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿತ್ತು. ಆದರೂ ಎರಡೂ ಭಾಗಗಳ ಕೃಷಿಸಂಬಂಧದ ಬೇರು ಒಂದೇ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗುಲಾಮಗಿರಿಯನ್ನು ದಾಖಲಿಸಿದ್ದಾನೆ. 1843ರ ಕಾಯಿದೆ ಗುಲಾಮಗಿರಿಗೆ ನ್ಯಾಯಾಲಯದ ಮಾನ್ಯತೆಯನ್ನು ತೆಗೆದುಹಾಕಿತಾದರೂ ಸಾಲದ ರೂಪದಲ್ಲಿ ಅದು ಉಳಿದೇ ಬಂದಿತು.

ಕಾರಂತರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ತೊರೆದರು. ಖಾದಿಪ್ರಚಾರ, ಪತ್ರಿಕೆ, ನಾಟಕಗಳಲ್ಲಿ ತೊಡಗಿ, ಮುಂದೆ ಪುತ್ತೂರಿನಲ್ಲಿ ನೆಲೆಸಿದರು. 1933ರಲ್ಲಿ ಪ್ರಕಟವಾದ ‘ಚೋಮನ ದುಡಿ’ ಈ ಅಲೆದಾಟದ ಫಲ. ಚೋಮನಿಗೆ ಬೇಕಾದುದು ಬೇಸಾಯಕ್ಕೊಂದು ತುಂಡು ನೆಲ. ಧಣಿ ಸಂಕಪ್ಪಯ್ಯನ ಮನಸ್ಸು ಒಂದಿಷ್ಟು ಮೆತ್ತಗಾದರೂ ಮನೆಯ ಸಂಪ್ರದಾಯ ಅದನ್ನು ತಡೆಯುತ್ತದೆ. ಇತ್ತ ಘಟ್ಟದ ಕಾಫಿತೋಟದ ಸಾಲ ಮಕ್ಕಳ ಹೆಗಲೇರುತ್ತದೆ. ತಂದೆಯಿಂದ ಮಕ್ಕಳಿಗೆ ದಾಟುವ ಆಸ್ತಿಯೆಂದರೆ ಈ ಕುಟುಂಬದಲ್ಲಿ ಸಾಲವೊಂದೇ. ಹಳೆಯ ಜೀತವೂ ವಸಾಹತು ಬಂಡವಾಳದ ತೋಟವೂ ಪರಸ್ಪರ ವಿರೋಧಿಗಳಲ್ಲ, ಪಾಲುದಾರರು ಎಂಬ ಈ ಗ್ರಹಿಕೆ ಆ ಕಾಲದ ಸುಧಾರಣಾವಾದಿ ಬರವಣಿಗೆಯಲ್ಲಿ ಅಪರೂಪವಾದುದು.

1936ರಲ್ಲಿ ಕಾರಂತರು ಜಾತಿಯ ಕಟ್ಟು ಮೀರಿ ಲೀಲಾ ಅವರನ್ನು ವಿವಾಹವಾದರು. 1940ರ ದಶಕದ ಆರಂಭದಲ್ಲಿ ಬಂದ ‘ಮರಳಿ ಮಣ್ಣಿಗೆ’ ಕುಟುಂಬಕಥನವನ್ನೇ ಚರಿತ್ರೆಯ ಸಾಧನವಾಗಿಸಿತು. ಕೋಡಿಯ ರಾಮ ಐತಾಳರು, ಇಂಗ್ಲಿಷ್ ವಿದ್ಯೆಗೆ ಹೋಗಿ ಹಾಳಾದ ಮಗ ಲಚ್ಚ, ಮದರಾಸಿನಲ್ಲಿ ಓದಿ, ರಾಷ್ಟ್ರೀಯ ಚಳವಳಿಯಲ್ಲಿ ಬೆಂದು, ಮುಂಬಯಿಯಲ್ಲಿ ನೆಲೆ ಕಾಣದೆ ಊರಿಗೆ ಮರಳುವ ಮೊಮ್ಮಗ ರಾಮ: ಇದು ಗಂಡಸರ ವಂಶಾವಳಿ. ಕಥನದ ಭಾರ ಹೊತ್ತವರು ಮಾತ್ರ ಸರಸ್ವತಿ, ಪಾರ್ವತಿ, ನಾಗವೇಣಿಯರು. ಗದ್ದೆ, ಉಪ್ಪುಗಾಳಿ, ಕಡಲಕೊರೆತಗಳೊಡನೆ ಅವರು ನಡೆಸುವ ದುಡಿಮೆಯಲ್ಲಿ ಕಾದಂಬರಿ ಉಸಿರಾಡುತ್ತದೆ.

ಈ ಕೃತಿಯನ್ನು ಹೆಚ್ಚಾಗಿ ಮಣ್ಣಿನ ಮಹಾಕಾವ್ಯವೆಂದು ಕೊಂಡಾಡಲಾಗಿದೆ. ಆದರೆ ಎರಡು ಕಾದಂಬರಿಗಳನ್ನು ಜೊತೆಗಿಟ್ಟು ಓದದೆ ಹೋದರೆ ಒಂದು ಅಂಶ ಮರೆಯಾಗುತ್ತದೆ. ರಾಮನಿಗೆ ಮರಳಲು ಮಣ್ಣಿದೆ. ಚೋಮನ ಮಕ್ಕಳಿಗೆ ಮರಳಲು ಏನೂ ಇಲ್ಲ. ಐತಾಳರ ಮನೆಗೆ ಮೂರು ತಲೆಮಾರಿನ ನೆನಪು ಸಾಧ್ಯವಾದದ್ದೂ ಭೂಮಿಯ ಒಡೆತನದಿಂದಲೇ. ಚೋಮನ ಹಿಂದಿನ ತಲೆಮಾರುಗಳನ್ನು ಕಾದಂಬರಿಕಾರರೂ ಹುಡುಕಲು ಹೋಗಲಿಲ್ಲ. ಇದು ಕಾರಂತರ ಮಿತಿಯೂ ಹೌದು, ಲಿಖಿತ ಚರಿತ್ರೆಯ ಮಿತಿಯೂ ಹೌದು. ಅಂಕೋಲೆಯ ಹಾಲಕ್ಕಿ ಗೇಣಿದಾರರನ್ನು ದಿನಕರ ದೇಸಾಯಿಯವರು ಸಂಘಟಿಸಿದ್ದು ಬಹುಮಟ್ಟಿಗೆ ಇದೇ ಕಾಲಾವಧಿಯಲ್ಲಿ ಎಂಬುದನ್ನು ಈ ಸಂದರ್ಭದಲ್ಲಿ ನೆನೆಯಬಹುದು.

1968ರ ‘ಮೂಕಜ್ಜಿಯ ಕನಸುಗಳು’ 1977ರ ಜ್ಞಾನಪೀಠವನ್ನು ತಂದಿತು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಕಾರಂತರು ಪದ್ಮಭೂಷಣವನ್ನು ಹಿಂತಿರುಗಿಸಿದ್ದರು. ಕಾರವಾರ ತಾಲ್ಲೂಕಿನ ಕೈಗಾದಲ್ಲಿ ಅಣುಸ್ಥಾವರದ ಯೋಜನೆ ಬಂದಾಗ ಅದರ ವಿರೋಧಕ್ಕೆ ನಿಂತು, 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಆಗ ಅವರಿಗೆ ಎಂಬತ್ತೇಳು ವರ್ಷ. ನೆಲ ಕಳೆದುಕೊಳ್ಳುವ ಭೀತಿ ಈ ಬಾರಿ ಕಾದಂಬರಿಯ ವಸ್ತುವಾಗಿರಲಿಲ್ಲ. ಅವರು ಸೋತರು, ಸ್ಥಾವರ ನಿರ್ಮಾಣವಾಯಿತು. 1997ರ ಡಿಸೆಂಬರ್ 9ರಂದು ಕಾರಂತರು ನಿಧನರಾದರು.