ರಿಮೋಟ್ ಕಾರಿನ ಅಜ್ಜ ಒಂದು ದೋಣಿ: ಟೆಸ್ಲಾ ಬದುಕಿನಲ್ಲಿ ಯಾವುದು ನಿಜ, ಯಾವುದು ಫಾರ್ವರ್ಡ್?

ಮನೆಯಲ್ಲೇ ಕಾರ್ಬನ್ ಫೈಬರ್ ಚಾಸಿ ಮಾಡಿ ರಿಮೋಟ್ ಕಾರು ಕಟ್ಟುವ ಹವ್ಯಾಸಿಗಳಿಗೆ ಒಂದು ಸಮಸ್ಯೆ ಬೇಗನೆ ಎದುರಾಗುತ್ತದೆ. ಕಾರ್ಬನ್ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಎಪಾಕ್ಸಿ ಅಂಟು ಸವರಿ, ಗಟ್ಟಿಯಾದ ಮೇಲೆ ಕತ್ತರಿಸಿ, ತೂತು ಕೊರೆದರೆ ಚಾಸಿ ಸಿದ್ಧ. (ಕತ್ತರಿಸುವಾಗ ಏಳುವ ಕಪ್ಪು ಪುಡಿ ಉಸಿರಿಗೆ ಒಳ್ಳೆಯದಲ್ಲ. ಮಾಸ್ಕ್ ಹಾಕಿ, ನೀರು ಚಿಮುಕಿಸಿಕೊಂಡು ಉಜ್ಜಬೇಕು.) ಚಾಸಿ ಹಗುರ, ಗಟ್ಟಿ, ನೋಡಲೂ ಚೆಂದ. ಆದರೆ ರಿಸೀವರ್‌ನ ಆಂಟೆನಾ ತಂತಿಯನ್ನು ಅದರ ಮೇಲೆ ಚಪ್ಪಟೆಯಾಗಿ ಅಂಟಿಸಿ ಮೈದಾನಕ್ಕೆ ಒಯ್ದರೆ, ಸ್ವಲ್ಪ ದೂರ ಹೋದ ಕಾರು ಮಾತು ಕೇಳದೇ ಹೋಗಬಹುದು.

ಕಾರಣ ಸರಳ. ಕಾರ್ಬನ್ ಫೈಬರ್ ವಿದ್ಯುತ್ ಹರಿಸುವ ವಸ್ತು. ಹಾಗಾಗಿ ಲೋಹದ ತಗಡಿನಂತೆ ಅದೂ ರೇಡಿಯೊ ಅಲೆಗಳಿಗೆ ಅಡ್ಡ ಬರುತ್ತದೆ. ಇಂದಿನ ರಿಮೋಟ್‌ಗಳು ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂ.ಮೀ. ಅದರ ಕಾಲುಭಾಗ, ಅಂದರೆ ಸುಮಾರು 3 ಸೆಂ.ಮೀ. ಉದ್ದದ ತಂತಿಯ ತುದಿಯೇ ಸಾಮಾನ್ಯವಾಗಿ ಆಂಟೆನಾ. ಆ ತುದಿಯನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ತೂರಿಸಿ ಚಾಸಿಯಿಂದ ಮೇಲಕ್ಕೆ ನೆಟ್ಟಗೆ ನಿಲ್ಲಿಸಿದರೆ ಕಾರು ಮತ್ತೆ ಮಾತು ಕೇಳುತ್ತದೆ.

ರಿಮೋಟ್ ವಾಹನದ ಮೇಲೆ ಹೀಗೆ ತಂತಿ ಎತ್ತಿ ನಿಲ್ಲಿಸುವುದು 1898ರಷ್ಟು ಹಳೆಯ ಉಪಾಯ. ಆಗಿನ ಆ ವಾಹನ ಕಾರಲ್ಲ, ಒಂದು ಪುಟ್ಟ ದೋಣಿ. ಅದನ್ನು ಕಟ್ಟಿದವರು ನಿಕೋಲಾ ಟೆಸ್ಲಾ. ಜಗತ್ತಿಗೆಲ್ಲ ಉಚಿತ ವಿದ್ಯುತ್ ಕೊಡಲು ಹೊರಟಿದ್ದರು, ವೇದ ಓದಿ ಎಸಿ ವಿದ್ಯುತ್ ಕಂಡುಹಿಡಿದರು ಎಂದೆಲ್ಲ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಫಾರ್ವರ್ಡ್ ಬಂದಿರಬಹುದು. ನಿಜವಾದ ಟೆಸ್ಲಾ ಯಾರು? ಅವರ ದೋಣಿಯ ಜಾಡು ಹಿಡಿದೇ ನೋಡೋಣ.

ಜೀರುಂಡೆಗಳ ಮೋಟಾರು

ಟೆಸ್ಲಾ ಹುಟ್ಟಿದ್ದು 1856ರ ಜುಲೈ 10ರಂದು, ಇಂದಿನ ಕ್ರೊಯೇಷಿಯಾದ ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯದ ಭಾಗ. ಸೆರ್ಬಿಯನ್ ಕುಟುಂಬ. ತಂದೆ ಆರ್ಥೊಡಾಕ್ಸ್ ಚರ್ಚಿನ ಪಾದ್ರಿ. ತಾಯಿ ಮನೆಗೆ ಬೇಕಾದ ಸಲಕರಣೆಗಳನ್ನು ಕೈಯಾರೆ ಮಾಡಿಕೊಳ್ಳುತ್ತಿದ್ದ ಜಾಣೆ. ತನಗೆ ಬಂದ ಬುದ್ಧಿ ತಾಯಿಯದೇ ಎಂದು ಟೆಸ್ಲಾ ಕೊನೆಯವರೆಗೂ ನಂಬಿದ್ದರು.

ಬಾಲ್ಯದಲ್ಲಿ ಅವರು ಮಾಡಿದ ಒಂದು ಆಟಿಕೆಯ ಕಥೆಯನ್ನು ತಮ್ಮ ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ತೆಳ್ಳನೆಯ ಕಡ್ಡಿಯ ಮೇಲೆ ತಿರುಗುವ ಅಡ್ಡಪಟ್ಟಿಗೆ ನಾಲ್ಕು ಜೀರುಂಡೆಗಳನ್ನು ಕಟ್ಟಿದರು. ಅವು ರೆಕ್ಕೆ ಬಡಿದಂತೆಲ್ಲ ಚಕ್ರ ತಿರುಗುತ್ತಿತ್ತು. ಒಂದು ದಿನ ಬೇರೊಬ್ಬ ಹುಡುಗ ಬಂದು ಜೀರುಂಡೆಗಳನ್ನು ಜೀವಂತವಾಗಿಯೇ ತಿಂದುಬಿಟ್ಟ. ಅಸಹ್ಯಪಟ್ಟ ಬಾಲಕ ಆ ಪ್ರಯೋಗವನ್ನು ಅಲ್ಲಿಗೇ ಬಿಟ್ಟ. ಆದರೆ ತಿರುಗುವ ವಸ್ತುಗಳ ಹುಚ್ಚು ಬಿಡಲಿಲ್ಲ.

ಗ್ರಾಟ್ಸ್ ನಗರದಲ್ಲಿ ಎಂಜಿನಿಯರಿಂಗ್ ಓದಲು ಸೇರಿದರೂ ಪದವಿ ಮುಗಿಸಲಿಲ್ಲ. 1882ರಲ್ಲಿ ಬುಡಾಪೆಸ್ಟ್‌ನಲ್ಲಿ ಕೆಲಸದಲ್ಲಿದ್ದಾಗ, ಸುತ್ತುವ ಕಾಂತಕ್ಷೇತ್ರದಿಂದ ಮೋಟಾರು ಓಡಿಸುವ ಯೋಚನೆ ಅವರಿಗೆ ಹೊಳೆಯಿತು. ಇಟಲಿಯ ಗೆಲಿಲಿಯೊ ಫೆರಾರಿಸ್ ಕೂಡ ಸ್ವತಂತ್ರವಾಗಿ ಇದೇ ತತ್ವವನ್ನು ಕಂಡುಕೊಂಡರು. ಇಂದಿನ ರಿಮೋಟ್ ಕಾರುಗಳ ಬ್ರಷ್‌ಲೆಸ್ ಮೋಟಾರು ಬೇರೆ ಬಗೆಯದಾದರೂ, ಕಾಂತಕ್ಷೇತ್ರವನ್ನು ಸುತ್ತಿಸುವ ಉಪಾಯ ಅದರಲ್ಲೂ ಇದೆ.

ನ್ಯೂಯಾರ್ಕ್‌ನ ದಿನಗಳು

1884ರಲ್ಲಿ ಟೆಸ್ಲಾ ಅಮೆರಿಕಕ್ಕೆ ಹೋಗಿ ಥಾಮಸ್ ಎಡಿಸನ್ ಅವರ ಕಂಪನಿ ಸೇರಿದರು. ಆಗ ಎಡಿಸನ್ ಬಲ್ಬಿನೊಳಗೆ ಬೆಳಗುತ್ತಿದ್ದದ್ದು ಬಿದಿರಿನ ಎಳೆಯನ್ನು ಗಾಳಿ ತಾಗದಂತೆ ಕಾಯಿಸಿ ಮಾಡಿದ ಇಂಗಾಲದ ಎಳೆ. ಇಂದಿನ ಕಾರ್ಬನ್ ಫೈಬರ್‌ಗೆ ಅದನ್ನು ಪೂರ್ವಜ ಎನ್ನಬಹುದು.

ಕೆಲವೇ ತಿಂಗಳಲ್ಲಿ ಟೆಸ್ಲಾ ಆ ಕೆಲಸ ಬಿಟ್ಟರು. ಪಾಲುದಾರರೊಂದಿಗೆ ತೆರೆದ ಕಂಪನಿಯೂ ಕೈತಪ್ಪಿತು. ಹೊಟ್ಟೆಪಾಡಿಗೆ ಕಂದಕ ಅಗೆಯುವ ಕೂಲಿಯನ್ನೂ ಮಾಡಿದರು. 1888ರಲ್ಲಿ ಎಸಿ ಮೋಟಾರಿನ ಪೇಟೆಂಟುಗಳು ಬಂದವು. ಉದ್ಯಮಿ ಜಾರ್ಜ್ ವೆಸ್ಟಿಂಗ್‌ಹೌಸ್ ಅವನ್ನು ಬಳಸುವ ಹಕ್ಕು ಪಡೆದರು. ಎಸಿ ಮತ್ತು ಡಿಸಿ ನಡುವಿನ ಹೆಸರಾಂತ ಜಗಳ ನಡೆದದ್ದು ಮುಖ್ಯವಾಗಿ ಎಡಿಸನ್ ಮತ್ತು ವೆಸ್ಟಿಂಗ್‌ಹೌಸ್ ಕಂಪನಿಗಳ ನಡುವೆ.

ಮೊದಲ ಫಾರ್ವರ್ಡ್ ಇಲ್ಲೇ ಬಿದ್ದುಹೋಗುತ್ತದೆ. ಸ್ವಾಮಿ ವಿವೇಕಾನಂದರು ನ್ಯೂಯಾರ್ಕ್‌ನಲ್ಲಿ ಟೆಸ್ಲಾರನ್ನು ಭೇಟಿಯಾದದ್ದು ನಿಜ. ಇಬ್ಬರೂ ಪ್ರಾಣ, ಆಕಾಶ ಎಂಬ ಪರಿಕಲ್ಪನೆಗಳ ಬಗ್ಗೆ ಮಾತಾಡಿದ್ದೂ ನಿಜ. ಆದರೆ ಅದು 1896ರ ಮಾತು. ಎಸಿ ಮೋಟಾರಿನ ಪೇಟೆಂಟ್ ಅದಕ್ಕೂ 8 ವರ್ಷ ಮೊದಲೇ ಬಂದಾಗಿತ್ತು. ಆ ಭೇಟಿಯಿಂದ ಎಸಿ ಹುಟ್ಟಲು ಸಾಧ್ಯವೇ ಇಲ್ಲ.

1895ರ ಮಾರ್ಚ್‌ನಲ್ಲಿ ಟೆಸ್ಲಾರ ಪ್ರಯೋಗಾಲಯ ಬೆಂಕಿಗೆ ಆಹುತಿಯಾಯಿತು. ವರ್ಷಗಳ ಟಿಪ್ಪಣಿ, ಯಂತ್ರಗಳೆಲ್ಲ ಬೂದಿ. ಅವರು ಹೊಸ ಜಾಗ ಹಿಡಿದು ಮತ್ತೆ ಶುರು ಮಾಡಿದರು.

ದೋಣಿ ಮಾತು ಕೇಳಿತು

ಆ ಹೊತ್ತಿಗೆ ರೇಡಿಯೊ ಅಲೆಗಳಿಂದ ದೂರದಲ್ಲಿ ಕೆಲಸ ಮಾಡಿಸಬಹುದು ಎಂಬುದು ವಿಜ್ಞಾನಿಗಳಿಗೆ ಗೊತ್ತಿತ್ತು. ಕೋಲ್ಕತ್ತದಲ್ಲಿ ಜಗದೀಶ ಚಂದ್ರ ಬೋಸರು ಅಲೆಗಳಿಂದಲೇ ಗಂಟೆ ಬಾರಿಸಿ, ಮದ್ದಿನ ಪುಡಿ ಸಿಡಿಸಿ ತೋರಿಸಿದ್ದರು. ಚಲಿಸುವ ವಾಹನವೊಂದಕ್ಕೆ ಮತ್ತೆ ಮತ್ತೆ ಆಜ್ಞೆ ಕೊಟ್ಟು ನಡೆಸಿದ್ದು ಟೆಸ್ಲಾರ ಹೆಚ್ಚುಗಾರಿಕೆ.

1898ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ವಿದ್ಯುತ್ ಪ್ರದರ್ಶನದಲ್ಲಿ, ಒಂದು ಕೃತಕ ಕೊಳದಲ್ಲಿ ದೋಣಿ ತೇಲಿತು. ಒಳಗೆ ಬ್ಯಾಟರಿ, ದೋಣಿ ಮುನ್ನಡೆಸಲು ಒಂದು ಮೋಟಾರು, ಚುಕ್ಕಾಣಿ ತಿರುಗಿಸಲು ಇನ್ನೊಂದು, ಜೊತೆಗೆ ದೀಪಗಳು. ಮೇಲೆ ಎದ್ದು ನಿಂತ ಆಂಟೆನಾ. ಅಲೆ ಬಂದಾಗ ಲೋಹದ ಪುಡಿ ತುಂಬಿದ ಪುಟ್ಟ ಡಬ್ಬಿಯೊಂದು ವಿದ್ಯುತ್ ಹರಿಯಲು ಬಿಡುತ್ತಿತ್ತು. ಪ್ರತಿ ಸಂದೇಶದ ನಂತರ ಆ ಡಬ್ಬಿ ತಾನೇ ಮಗುಚಿಕೊಂಡು ಮುಂದಿನ ಆಜ್ಞೆಗೆ ಸಿದ್ಧವಾಗುತ್ತಿತ್ತು.

ನೋಡಿದವರು ನಂಬಲಿಲ್ಲ. ಮಾಟವೋ, ಮನೋಬಲವೋ, ಒಳಗೆ ಪಳಗಿಸಿದ ಕೋತಿ ಕೂತಿದೆಯೋ ಎಂದೆಲ್ಲ ಜನ ಊಹಿಸಿದರು ಎಂದು ಜೀವನಚರಿತ್ರೆಗಳು ಹೇಳುತ್ತವೆ. ಇದರಲ್ಲಿ ಟೆಸ್ಲಾರ ತಪ್ಪೂ ಇತ್ತು. ಪ್ರೇಕ್ಷಕರಿಂದ ಪ್ರಶ್ನೆ ಕೇಳಿಸಿ, ತಾವು ಗುಟ್ಟಾಗಿ ಸಂದೇಶ ಕಳಿಸಿ, ದೋಣಿಯೇ ದೀಪ ಮಿನುಗಿಸಿ ಉತ್ತರ ಕೊಟ್ಟಂತೆ ತೋರಿಸುವ ಆಟ ಅವರಿಗೆ ಇಷ್ಟವಾಗಿತ್ತು.

ಅದೇ ವರ್ಷದ ನವೆಂಬರ್ 8ರಂದು ಈ ವಿಧಾನಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಸಂಖ್ಯೆ 613809. ಅದರ ಹೆಸರಿನಲ್ಲಿ ದೋಣಿಯ ಜೊತೆಗೆ ವಾಹನ ಎಂಬ ಪದವೂ ಇದೆ. ನಿಮ್ಮ ಮನೆಯ ಆಟಿಕೆ ಕಾರಿನ ವಂಶಾವಳಿ ಅಲ್ಲಿಂದ ಶುರು. ಅಮೆರಿಕದ ನೌಕಾಪಡೆ ಮಾತ್ರ ಆಸಕ್ತಿ ತೋರಿಸಲಿಲ್ಲ.

ಆಜ್ಞೆ ಬೇರೆ, ಶಕ್ತಿ ಬೇರೆ

ಈಗ ಅತಿ ಹೆಚ್ಚು ಓಡಾಡುವ ಫಾರ್ವರ್ಡ್‌ಗೆ ಬರೋಣ. ಟೆಸ್ಲಾ ಇಡೀ ಜಗತ್ತಿಗೆ ತಂತಿಯಿಲ್ಲದೆ ಉಚಿತ ವಿದ್ಯುತ್ ಕೊಡುವ ಗೋಪುರ ಕಟ್ಟಿದ್ದರು, ಶ್ರೀಮಂತರು ಅದನ್ನು ಕೆಡವಿಸಿದರು ಎಂಬ ಕಥೆ ಅದು.

ನಡೆದದ್ದು ಇಷ್ಟು. 1901ರಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್‌ನಲ್ಲಿ ವಾರ್ಡನ್‌ಕ್ಲಿಫ್ ಗೋಪುರದ ಕೆಲಸ ಶುರುವಾಯಿತು. ಬ್ಯಾಂಕರ್ ಜೆ.ಪಿ. ಮಾರ್ಗನ್ 1,50,000 ಡಾಲರ್ ಕೊಡಲು ಒಪ್ಪಿದ್ದು ಅಟ್ಲಾಂಟಿಕ್ ಸಾಗರದಾಚೆಗೆ ಸಂದೇಶ ಕಳಿಸುವ ಯೋಜನೆಗೆ. ಆ ವರ್ಷದ ಡಿಸೆಂಬರಿನಲ್ಲಿ ಮಾರ್ಕೋನಿ ಕಡಿಮೆ ಖರ್ಚಿನ ಸಲಕರಣೆಯಿಂದಲೇ ಸಾಗರದಾಚೆ ಸಂಕೇತ ತಲುಪಿಸಿದ್ದಾಗಿ ಪ್ರಕಟಿಸಿದರು. ಟೆಸ್ಲಾ ಯೋಜನೆಯನ್ನು ವಿದ್ಯುತ್ ಕಳಿಸುವವರೆಗೂ ಹಿಗ್ಗಿಸಿ ಇನ್ನಷ್ಟು ಹಣ ಕೇಳಿದರು. ಮಾರ್ಗನ್ ಕೊಡಲಿಲ್ಲ. ಗೋಪುರ ಪೂರ್ತಿ ಕೆಲಸ ಮಾಡಲೇ ಇಲ್ಲ. ಹೋಟೆಲ್ ಬಾಕಿಗಾಗಿ ಆ ಆಸ್ತಿ ಕೈಬಿಟ್ಟಿತು. 1917ರಲ್ಲಿ ಗೋಪುರವನ್ನು ಕೆಡವಲಾಯಿತು.

ಹಣ ಸಿಕ್ಕಿದ್ದರೆ ಜಗತ್ತಿಗೆಲ್ಲ ವಿದ್ಯುತ್ ಬರುತ್ತಿತ್ತೇ? ನಿಮ್ಮ ಕೈಯಲ್ಲಿರುವ ಆಟಿಕೆಯನ್ನೇ ಕೇಳಿ. 2.4 ಗಿಗಾಹರ್ಟ್ಸ್ ರಿಮೋಟ್ ಸಾಮಾನ್ಯವಾಗಿ ಹೊರಸೂಸುವುದು ಹೆಚ್ಚೆಂದರೆ 0.1 ವ್ಯಾಟ್‌ನಷ್ಟು. ಅದೂ ಸುತ್ತಲೂ ಹರಡಿ, ಕಾರಿನ ಆಂಟೆನಾಕ್ಕೆ ತಲುಪುವುದು ಅದರ ತೀರಾ ಅಲ್ಪ ಭಾಗ. ವೇಗದ ಕಾರಿನ ಮೋಟಾರು ಎಳೆಯುವುದು ನೂರಾರು ವ್ಯಾಟ್. ಆ ಶಕ್ತಿ ಬರುವುದು ಚಾಸಿಗೆ ಬಿಗಿದ ಬ್ಯಾಟರಿಯಿಂದ. ಅಲೆ ತರುವುದು ಆಜ್ಞೆಯನ್ನು ಮಾತ್ರ. ಆಜ್ಞೆ ಎಷ್ಟು ಕ್ಷೀಣವಾಗಿ ಬಂದರೂ ರಿಸೀವರ್ ಅದನ್ನು ಗುರುತಿಸಿದರೆ ಸಾಕು. ಆದರೆ ಚಕ್ರ ಅಷ್ಟರಿಂದ ತಿರುಗುವುದಿಲ್ಲ. 1898ರ ದೋಣಿ ಓಡಿದ್ದೂ ತನ್ನದೇ ಬ್ಯಾಟರಿಯಿಂದ. ಅಲೆಯಲ್ಲಿ ಸಂದೇಶ ಕಳಿಸಿ ಗೆದ್ದ ಟೆಸ್ಲಾ, ಅಲೆಯಲ್ಲಿ ಶಕ್ತಿಯನ್ನು ದೇಶದೇಶಕ್ಕೆ ಕಳಿಸಲು ಹೋಗಿ ಸೋತರು.

ಕೊನೆಯ ಕೋಣೆ

ಆಮೇಲಿನ ವರ್ಷಗಳಲ್ಲಿ ಅವರು ಹೋಟೆಲಿನಿಂದ ಹೋಟೆಲಿಗೆ ಬದಲಾಗುತ್ತ ಹೋದರು. ಪಾರಿವಾಳಗಳಿಗೆ ಕಾಳು ಹಾಕುವುದು ನಿತ್ಯದ ಕೆಲಸವಾಯಿತು. ಇಳಿವಯಸ್ಸಿನಲ್ಲಿ ಹುಟ್ಟುಹಬ್ಬಕ್ಕೆ ಪತ್ರಕರ್ತರನ್ನು ಕರೆದು, ಶತ್ರು ವಿಮಾನ ಉರುಳಿಸುವ ಕಿರಣದಂಥ ದೊಡ್ಡ ದೊಡ್ಡ ಘೋಷಣೆ ಮಾಡುತ್ತಿದ್ದರು. ಅಂಥ ಯಂತ್ರವನ್ನು ಯಾರಿಗೂ ಮಾಡಿ ತೋರಿಸಲಿಲ್ಲ. ಇಂದಿನ ಎಷ್ಟೋ ಫಾರ್ವರ್ಡ್‌ಗಳ ಬೀಜ ಆ ಘೋಷಣೆಗಳಲ್ಲೇ ಇದೆ.

1943ರ ಜನವರಿ 7ರಂದು ಹೋಟೆಲ್ ನ್ಯೂಯಾರ್ಕರ್‌ನ 3327ನೇ ಕೋಣೆಯಲ್ಲಿ, 86ನೇ ವಯಸ್ಸಿನಲ್ಲಿ ಒಂಟಿಯಾಗಿ ತೀರಿಕೊಂಡರು. ಕೆಲವೇ ತಿಂಗಳ ನಂತರ ಅಮೆರಿಕದ ಸುಪ್ರೀಂ ಕೋರ್ಟ್ ಮಾರ್ಕೋನಿಯ ಒಂದು ಪೇಟೆಂಟಿನ ಕೆಲವು ಅಂಶಗಳನ್ನು ರದ್ದು ಮಾಡಿತು. ಟೆಸ್ಲಾ, ಆಲಿವರ್ ಲಾಡ್ಜ್, ಜಾನ್ ಸ್ಟೋನ್ ಅವರ ಹಿಂದಿನ ಕೆಲಸ ಇದಕ್ಕೆ ಆಧಾರವಾಯಿತು. ರೇಡಿಯೊದ ಏಕೈಕ ಜನಕ ಟೆಸ್ಲಾ ಎಂದು ಕೋರ್ಟ್ ಘೋಷಿಸಿತು ಎಂಬ ಫಾರ್ವರ್ಡ್ ಈ ತೀರ್ಪನ್ನು ಹಿಗ್ಗಿಸಿದ್ದು. 1960ರಲ್ಲಿ ಕಾಂತಕ್ಷೇತ್ರದ ತೀವ್ರತೆಯ ಮಾನಕ್ಕೆ ಅವರ ಹೆಸರಿಟ್ಟರು.

ಮಾಡಿ ತೋರಿಸಿದ ದೋಣಿಯನ್ನು ಅಂದು ಜನ ನಂಬಲಿಲ್ಲ. ಮಾಡದೇ ಉಳಿದ ಯಂತ್ರಗಳನ್ನು ಇಂದು ನಂಬಿ ಹಂಚುತ್ತಿದ್ದೇವೆ. ಮುಂದಿನ ಬಾರಿ ಟೆಸ್ಲಾ ಹೆಸರಿನ ಸಂದೇಶ ಬಂದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಇಸವಿ ತಾಳೆಯಾಗುತ್ತದೆಯೇ? ಶಕ್ತಿ ಎಲ್ಲಿಂದ ಬಂತು ಎಂದು ಹೇಳಿದ್ದಾರೆಯೇ? ಉತ್ತರ ಸಿಗದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.